ನಾಲ್ಕು ದನಿ, ಒಂದು ಹಾಳೆ: ಮ್ಯೂಸ್‌ಸ್ಕೋರ್‌ನಲ್ಲಿ ಕನ್ನಡದ ಅಕಪೆಲ್ಲಾ ಹಾಡು ಬರೆಯುವ ಸಮಗ್ರ ಮಾರ್ಗದರ್ಶಿ

ನಮ್ಮದು ಎಂಟು ಜನರ ಹಾಡುಗುಂಪು. ವಾದ್ಯ ಇಲ್ಲ, ಬರಿ ಬಾಯಿ. ಒಂದು ಜೋಗುಳವನ್ನು ಬಾಯಿಪಾಠದಲ್ಲೇ ನಾಲ್ಕು ದನಿಗೆ ಕಟ್ಟಿಕೊಂಡಿದ್ದೆವು. ಆಲ್ಟೊ, ಅಂದರೆ ಹೆಂಗಸರ ತಗ್ಗಿನ ದನಿ, ಹಾಡುತ್ತಿದ್ದವಳಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತು. ಅವಳು ಹೋದಳು, ಅವಳ ಜೊತೆ ಆಲ್ಟೊನೂ ಹೋಯಿತು. ಉಳಿದದ್ದು ಮೊಬೈಲಿನಲ್ಲಿದ್ದ ಮೂರು ನಿಮಿಷದ ಒಂದು ರೆಕಾರ್ಡಿಂಗ್, ಅದರ ಹಿಂದೆ ಗರಗರ ಅನ್ನೋ ಫ್ಯಾನು. ಅದನ್ನೇ ಕೇಳಿ ಕೇಳಿ ಹಾಡನ್ನು ಹಾಳೆಗೆ ಇಳಿಸಿದೆ. ಮೊದಲ ಸಲ ಮೂರು ವಾರ ಹಿಡಿಯಿತು. ಈಗ ಅಷ್ಟೇ ಉದ್ದದ ಹಾಡಿಗೆ ಎರಡು ಸಂಜೆ ಸಾಕು. ನಡುವೆ ಏನೇನು ಕಲಿತೆ ಅನ್ನುವುದೇ ಈ ಬರಹ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸ್ವರ ತುಂಬುವುದು ಅರ್ಧ ಕೆಲಸ, ಅದಕ್ಕೆ ಪಾಠ ಹೇಳುವ ವಿಡಿಯೊಗಳು ಬೇಕಾದಷ್ಟಿವೆ. ಇನ್ನರ್ಧ ಆ ಸ್ವರಗಳ ಕೆಳಗೆ ಸಾಹಿತ್ಯ ಕೂರಿಸುವುದು. ಒತ್ತಕ್ಷರ, ಅರ್ಕಾವತ್ತು ಇರುವ ನಮ್ಮ ಲಿಪಿಯಲ್ಲಿ ಇದು ಸ್ವಲ್ಪ ತಲೆ ತಿನ್ನುವ ಕೆಲಸ. ಹಾಗಾಗಿ ಇಲ್ಲಿ ಅದಕ್ಕೇ ಜಾಸ್ತಿ ಜಾಗ.

ಯಾವ ಸಾಫ್ಟ್‌ವೇರ್?

ನಾನು ಬಳಸುವುದು ಮ್ಯೂಸ್‌ಸ್ಕೋರ್ ಸ್ಟುಡಿಯೊ, ಸ್ವರಲಿಪಿ ಬರೆಯುವ ಸಾಫ್ಟ್‌ವೇರ್. ಪುಕ್ಕಟೆ, ಓಪನ್ ಸೋರ್ಸ್. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. 2022ರ ಕೊನೆಗೆ ಬಂದ 4ನೇ ಆವೃತ್ತಿಯಿಂದ ಈಚೆಗೆ ನೋಡಲೂ ಚೆಂದವಾಗಿದೆ. ಸಿಬೇಲಿಯಸ್, ಡೊರಿಕೊ ಕೂಡ ಒಳ್ಳೆಯವೇ, ಆದರೆ ಗುಂಪಿನ ಎಂಟು ಜನರೂ ಫೈಲ್ ತೆರೆದು ನೋಡಬೇಕು ಅಂದರೆ ಪುಕ್ಕಟೆಯದೇ ಸರಿ. ಫಿನಾಲೆಯಲ್ಲಿ ಬರೆದಿಟ್ಟ ಹಳೆಯ ಫೈಲುಗಳು ನಿಮ್ಮಲ್ಲಿದ್ದರೆ ಈಗಲೇ ಮ್ಯೂಸಿಕ್ಎಕ್ಸ್ಎಂಎಲ್ ರೂಪಕ್ಕೆ ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ. 2024ರ ಆಗಸ್ಟ್‌ನಲ್ಲಿ ಅದರ ಕಂಪನಿಯೇ ಇನ್ನು ಮುಂದೆ ಅದನ್ನು ಬೆಳೆಸುವುದಿಲ್ಲ ಎಂದು ಹೇಳಿಬಿಟ್ಟಿದೆ. ಒಂದು ಸಾಫ್ಟ್‌ವೇರ್‌ನಿಂದ ಇನ್ನೊಂದಕ್ಕೆ ಹಾಡು ದಾಟಿಸಲು ಮ್ಯೂಸಿಕ್ಎಕ್ಸ್ಎಂಎಲ್ ಒಂದೇ ನಂಬಬಹುದಾದ ಸೇತುವೆ.

ರೆಕಾರ್ಡಿಂಗ್ ಕೇಳಲು ಅಡಾಸಿಟಿ ಎಂಬ ಆಡಿಯೊ ಎಡಿಟರ್ ಹಾಕಿಕೊಳ್ಳಿ. ಅದೂ ಪುಕ್ಕಟೆ. ಕಿವಿ ಮುಚ್ಚುವ ಒಳ್ಳೆಯ ಹೆಡ್‌ಫೋನ್ ಬೇಕೇ ಬೇಕು. ಲ್ಯಾಪ್‌ಟಾಪಿನ ಸ್ಪೀಕರ್‌ನಲ್ಲಿ ಬೇಸ್, ಅಂದರೆ ಗಂಡಸರ ತಗ್ಗಿನ ದನಿ, ಕೇಳಿಸುವುದೇ ಇಲ್ಲ.

ಬೇರೆಯವರು ನಾಲ್ಕು ದನಿಗೆ ಹೊಂದಿಸಿದ ಹಾಡನ್ನು ಕೇಳಿ ಬರೆದು ಹಂಚಬೇಕು ಅಂದರೆ ಅವರ ಅನುಮತಿ ಬೇಕು. ಹಾಡು ಜನಪದದ್ದೇ ಆಗಿರಬಹುದು, ಆ ಹೊಂದಿಕೆ ಅವರದು. ನಮ್ಮ ದೇಶದ ಕಾನೂನಿನಲ್ಲಿ ಸಂಗೀತ ಕೃತಿಯ ಹಕ್ಕು ಕರ್ತೃ ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ.

ಮೊದಲು ಕಿವಿ, ಆಮೇಲೆ ಕೀಬೋರ್ಡ್

ಸಾಫ್ಟ್‌ವೇರ್ ತೆರೆಯುವ ಮೊದಲು ಹಾಡನ್ನು ಐದಾರು ಸಲ ಸುಮ್ನೆ ಕೇಳಿ. ಒಂದು ಬಿಳಿ ಹಾಳೆಯ ಮೇಲೆ ಪಲ್ಲವಿ ಎಲ್ಲಿ, ಚರಣ ಎಷ್ಟು, ಎಲ್ಲಿ ಎಲ್ಲರೂ ಒಟ್ಟಿಗೆ ಹಾಡುತ್ತಾರೆ, ಎಲ್ಲಿ ಒಬ್ಬರೇ, ಎಲ್ಲಿ ‘ಊ’ ಅಂತ ಹಿಂದೆ ನಿಲ್ಲುತ್ತಾರೆ ಎಂದು ಗೀಚಿಕೊಳ್ಳಿ. ನಮ್ಮ ಜೋಗುಳಕ್ಕೆ ಅದು ಹತ್ತು ಸಾಲಿನ ಗೀಚು. ಅದೇ ಆಮೇಲೆ ದಾರಿ ತೋರಿಸಿದ್ದು.

ಮುಂದೆ ಶ್ರುತಿ. ತಂಬೂರಿಯೂ ಇಲ್ಲದೆ ಹಾಡುವಾಗ ಗುಂಪು ನಿಧಾನಕ್ಕೆ ಇಳಿಯುತ್ತದೆ. ನಾವು ಎಫ್‌ಗೆ ಷಡ್ಜ ಇಟ್ಟು ಶುರು ಮಾಡಿದ್ದು, ಮೂರನೇ ಚರಣಕ್ಕೆ ಬರುವಷ್ಟರಲ್ಲಿ ಹೆಚ್ಚುಕಡಿಮೆ ಇ ಹತ್ತಿರ ಇದ್ದೆವು. ಯಾರಿಗೂ ಗೊತ್ತೇ ಆಗಿರಲಿಲ್ಲ! ಹಾಡಿನ ನಡುವಿನ ಒಂದು ಸ್ವರವನ್ನು ಮಾತ್ರ ಪರೀಕ್ಷಿಸಿ ಬರೆಯಲು ಕೂತರೆ ಅರ್ಧ ಹಾಡು ಒಂದು ಶ್ರುತಿಯಲ್ಲಿ, ಇನ್ನರ್ಧ ಇನ್ನೊಂದರಲ್ಲಿ ಬಂದುಬಿಡುತ್ತದೆ. ಮೊಬೈಲಿನ ಟ್ಯೂನರ್ ಆ್ಯಪ್ ಇಟ್ಟುಕೊಂಡು ಮೊದಲ ಸಾಲು, ನಡುವಿನ ಸಾಲು, ಕೊನೆಯ ಸಾಲು ಮೂರನ್ನೂ ನೋಡಿ. ಇಳಿದಿದ್ದರೆ ಇಡೀ ಹಾಡನ್ನು ಮೊದಲ ಸಾಲಿನ ಶ್ರುತಿಯಲ್ಲೇ ಬರೆಯಿರಿ. ಹಾಡುಗಾರರು ಜಾರಿದ್ದನ್ನು ಹಾಳೆಯಲ್ಲಿ ಬರೆಯುವ ಅಗತ್ಯ ಇಲ್ಲ.

ತಾಳದಲ್ಲಿ ನಾನು ಒಂದು ತಪ್ಪು ಮಾಡಿದೆ. ಮೂರು ಮೂರು ಎಣಿಕೆ ಕೇಳಿಸಿತು, 3/4 ಎಂದು ಇಟ್ಟುಬಿಟ್ಟೆ. ಮೂವತ್ತು ಬಾರ್ (ಗೆರೆ ಎಳೆದು ಬೇರೆ ಮಾಡಿದ ತಾಳದ ತುಂಡು) ಬರೆದ ಮೇಲೆ ನೋಡಿದರೆ ಸಾಹಿತ್ಯದ ತೂಕ ಎಲ್ಲೂ ಸರಿಯಾಗಿ ಬೀಳುತ್ತಿಲ್ಲ. ಜೋಗುಳ ಅಂದರೆ ತೊಟ್ಟಿಲು ಅಲ್ವಾ? ಒಮ್ಮೆ ಆಚೆ, ಒಮ್ಮೆ ಈಚೆ. ಒಂದು ಬಾರ್‌ನಲ್ಲಿ ಎರಡು ತೂಗು, ಒಂದೊಂದು ತೂಗಿನಲ್ಲಿ ಮೂರು ಸಣ್ಣ ಎಣಿಕೆ. ಅದು 6/8. ಮತ್ತೆ ಮೊದಲಿಂದ ಬರೆದೆ. ಕೈಯಲ್ಲಿ ತಾಳ ಹಾಕುತ್ತಾ ನಿಮ್ಮ ದೇಹ ಎಲ್ಲಿ ವಾಲುತ್ತದೆ ನೋಡಿ, ಅಲ್ಲಿಗೆ ಬಾರ್ ಗೆರೆ.

ನಮ್ಮ ತಾಳಗಳ ಹಾಡಾದರೆ ಲೆಕ್ಕ ಸುಲಭ. ಆದಿತಾಳಕ್ಕೆ 4/4ರ ಎರಡು ಬಾರ್. ರೂಪಕಕ್ಕೆ 3/4. ಮಿಶ್ರಛಾಪು 7/8, ಒಳಗೆ 3+2+2. ಖಂಡಛಾಪು 5/8, ಒಳಗೆ 2+3. ಛಾಪು ತಾಳಗಳಲ್ಲಿ ಟೈಮ್ ಸಿಗ್ನೇಚರ್‌ನ (7/8, 5/8 ಥರದ ಗುರುತಿನ) ಪ್ರಾಪರ್ಟೀಸ್ ತೆರೆದು ಸ್ವರಗಳು ಸರಿಯಾದ ಗುಂಪಿನಲ್ಲಿ ಕೂಡಿಕೊಂಡಿವೆಯೇ ಎಂದು ನೋಡಿ. 3+2+2ರ ಬದಲು 2+2+3 ಆಗಿದ್ದರೆ ಹಾಡುವವರ ಕಣ್ಣು ಎಡವುತ್ತದೆ.

ಮೊದಲು ಸೊಪ್ರಾನೊ, ಆಮೇಲೆ ಬೇಸ್

ಎಲ್ಲರಿಗೂ ಮೊದಲು ಕೇಳಿಸುವುದು ಸೊಪ್ರಾನೊ, ಹೆಂಗಸರ ಎತ್ತರದ ದನಿ. ಹಾಗಾಗಿ ಅದನ್ನು ಬರೆದುಬಿಡಿ, ಅದು ಬಿಟ್ಟಿ ಅಂಕ. ಆಮೇಲೆ ನೇರ ಬೇಸ್‌ಗೆ ಇಳಿಯಿರಿ. ಮೇಲಿನ ದನಿ, ಕೆಳಗಿನ ದನಿ ಎರಡೂ ಗಟ್ಟಿಯಾದರೆ ನಡುವಿನ ಎರಡಕ್ಕೆ ಓಡಾಡಲು ಜಾಗ ಕಡಿಮೆ, ಊಹೆ ಸುಲಭ.

ಬೇಸ್ ಕೇಳಿಸದಿದ್ದರೆ ಒಂದು ಉಪಾಯ. ಅಡಾಸಿಟಿಯಲ್ಲಿ ಆ ತುಣುಕನ್ನು ಆಯ್ದು ಚೇಂಜ್ ಪಿಚ್ ಎಫೆಕ್ಟ್‌ನಲ್ಲಿ 12 ಸೆಮಿಟೋನ್, ಅಂದರೆ ಒಂದು ಸ್ಥಾಯಿ, ಮೇಲಕ್ಕೆ ಎತ್ತಿ. ಸೊಪ್ರಾನೊ ಇಲಿಮರಿಯ ಥರ ಕೀಚಲಾಗುತ್ತದೆ, ಆದರೆ ಬೇಸ್ ನಡುವಿನ ಎತ್ತರಕ್ಕೆ ಬಂದು ಸ್ಪಷ್ಟವಾಗಿ ಕೇಳಿಸುತ್ತದೆ. ಬರೆಯುವಾಗ ಮತ್ತೆ ಒಂದು ಸ್ಥಾಯಿ ಇಳಿಸಿ. ವೇಗ ಕಡಿಮೆ ಮಾಡಲು ಚೇಂಜ್ ಟೆಂಪೊ ಇದೆ. ಶ್ರುತಿ ಹಾಗೇ ಇದ್ದು ವೇಗ ಮಾತ್ರ ಇಳಿಯುತ್ತದೆ. ನಾನು ಶೇಕಡಾ 70ಕ್ಕಿಂತ ಕೆಳಗೆ ಹೋಗುವುದಿಲ್ಲ. ಹೋದರೆ ದನಿ ನೀರೊಳಗಿನಿಂದ ಬಂದ ಹಾಗೆ ಕಲಕಿಹೋಗುತ್ತದೆ. ಎರಡು ಬಾರ್ ಆಯ್ದು ಲೂಪ್ ಹಾಕಿ, ಜೊತೆಗೆ ಹಾಡಿ. ಬಾಯಲ್ಲಿ ಬಂದ ಮೇಲೆಯೇ ಬರೆಯಿರಿ.

ಸ್ಪೆಕ್ಟ್ರೋಗ್ರಾಮ್, ಅಂದರೆ ದನಿಯ ಕಂಪನಗಳನ್ನು ಗೆರೆಗಳಾಗಿ ತೋರಿಸುವ ಚಿತ್ರ, ನೋಡಿ ಸ್ವರ ಗುರುತಿಸುವವರೂ ಇದ್ದಾರೆ. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಸೋನಿಕ್ ವಿಶುವಲೈಸರ್ ಅದಕ್ಕೆ ಒಳ್ಳೆಯ ಪುಕ್ಕಟೆ ಸಾಧನ. ಆದರೆ ಕಣ್ಣನ್ನು ಪೂರ್ತಿ ನಂಬಬೇಡಿ. ನಮ್ಮ ಹಾಡಿನ ಎರಡನೇ ಸಾಲಿನಲ್ಲಿ ಆಲ್ಟೊ ಇ ಸ್ವರ ಹಾಡಿದ ಹಾಗೆ ಗೆರೆ ಕಾಣಿಸಿತು. ಬರೆದೂಬಿಟ್ಟೆ. ರಾತ್ರಿ ಹಾಡಿ ನೋಡಿದಾಗ ಏನೋ ಚುಚ್ಚಿತು. ಹಾಡು ಇರುವುದು ಮೋಹನದಲ್ಲಿ. ಎಫ್ ಷಡ್ಜವಾದರೆ ಸ ರಿ ಗ ಪ ದ ಅಂದರೆ ಎಫ್, ಜಿ, ಎ, ಸಿ, ಡಿ. ಇ ಅಂದರೆ ನಿಷಾದ, ಮೋಹನದಲ್ಲಿ ಅದು ಇಲ್ಲವೇ ಇಲ್ಲ! ಆಗಿದ್ದೇನೆಂದರೆ ಬೇಸ್ ಹಾಡುತ್ತಿದ್ದದ್ದು ಕೆಳಗಿನ ಎ, 110 ಹರ್ಟ್ಸ್. ಮನುಷ್ಯನ ದನಿಯಲ್ಲಿ ಮೂಲ ಸ್ವರದ ಜೊತೆ ಅದರ ಎರಡರಷ್ಟು, ಮೂರರಷ್ಟು ಕಂಪನಗಳೂ ಇರುತ್ತವೆ. 110ರ ಮೂರರಷ್ಟು 330, ಅದೇ ಇ. ನಾನು ಆಲ್ಟೊ ಅಂದುಕೊಂಡದ್ದು ಬೇಸ್‌ನ ನೆರಳು. ನಿಜವಾದ ಆಲ್ಟೊ ಅಲ್ಲಿ ಸಿ ಹಿಡಿದು ನಿಂತಿದ್ದಳು.

ರಾಗ ಗೊತ್ತಿದ್ದರೆ ಹೀಗೆ ಅದು ಕಾವಲುಗಾರನ ಕೆಲಸ ಮಾಡುತ್ತದೆ. ಒಂದು ಎಚ್ಚರ: ನಾಲ್ಕು ದನಿಗೆ ಹೊಂದಿಸಿದವರು ಬೇಕೆಂದೇ ಅನ್ಯಸ್ವರ ಹಾಕಿರಲೂಬಹುದು. ಹೊರಗಿನ ಸ್ವರ ಕಂಡರೆ ಅಳಿಸಬೇಡಿ, ಮತ್ತೊಮ್ಮೆ ಕೇಳಿ.

ರೆಕಾರ್ಡಿಂಗ್ ಸ್ಟೀರಿಯೊ ಆಗಿದ್ದರೆ ಎಡ, ಬಲ ಚಾನೆಲ್‌ಗಳನ್ನು ಬೇರೆ ಬೇರೆಯಾಗಿ ಕೇಳಿ. ಹಾಡುಗಾರರು ನಿಂತ ಜಾಗದ ಪ್ರಕಾರ ಟೆನರ್ (ಗಂಡಸರ ಎತ್ತರದ ದನಿ) ಒಂದು ಕಡೆ, ಆಲ್ಟೊ ಇನ್ನೊಂದು ಕಡೆ ಜಾಸ್ತಿ ಕೇಳಿಸುವುದುಂಟು.

ಹಾಳೆ ಸಿದ್ಧ ಮಾಡುವುದು

ಮ್ಯೂಸ್‌ಸ್ಕೋರ್‌ನಲ್ಲಿ ಹೊಸ ಸ್ಕೋರ್ ಒತ್ತಿ, ಟೆಂಪ್ಲೇಟ್‌ನಿಂದ ಎನ್ನುವ ಕಡೆ ಹೋಗಿ, ಕೋರಲ್ ವಿಭಾಗದಲ್ಲಿ ಎಸ್ಎಟಿಬಿ ಆರಿಸಿ. ಸೊಪ್ರಾನೊ, ಆಲ್ಟೊ, ಟೆನರ್, ಬೇಸ್ ಎಂದು ನಾಲ್ಕು ಸ್ಟಾಫ್ (ಸ್ವರ ಬರೆಯುವ ಐದು ಗೆರೆಯ ಪಟ್ಟಿ) ಬರುತ್ತವೆ. ಕ್ಲೋಸ್ಡ್ ಸ್ಕೋರ್ ಅನ್ನುವ ಇನ್ನೊಂದು ಟೆಂಪ್ಲೇಟ್ ಇದೆ. ಅದರಲ್ಲಿ ಎರಡೇ ಸ್ಟಾಫ್, ಒಂದೊಂದರಲ್ಲಿ ಇಬ್ಬಿಬ್ಬರು. ಚರ್ಚಿನ ಸ್ತೋತ್ರ ಪುಸ್ತಕಗಳಲ್ಲಿ ಕಾಣುವುದು ಅದೇ. ಎಲ್ಲರೂ ಒಂದೇ ಮಾತನ್ನು ಒಂದೇ ಲಯದಲ್ಲಿ ಹಾಡುವುದಾದರೆ ಎರಡು ಸ್ಟಾಫ್ ಸಾಕು, ಕಾಗದ ಉಳಿಯುತ್ತದೆ. ಸೊಪ್ರಾನೊ ಸಾಹಿತ್ಯ ಹಾಡುವಾಗ ಉಳಿದವರು ‘ಊ’ ಅನ್ನುವ ಹಾಡಿಗೆ ನಾಲ್ಕು ಸ್ಟಾಫೇ ಬೇಕು. ಸಂದೇಹ ಇದ್ದರೆ ನಾಲ್ಕಕ್ಕೇ ಹೋಗಿ.

ಮುಂದಿನ ಪುಟಗಳಲ್ಲಿ ಕೀ, ಟೈಮ್ ಸಿಗ್ನೇಚರ್, ವೇಗ ಕೇಳುತ್ತದೆ. ಪಿಕಪ್ ಮೆಷರ್ ಎಂಬ ಆಯ್ಕೆಯನ್ನು ಮರೆಯಬೇಡಿ. ಹಾಡು ತಾಳದ ಮೊದಲ ಪೆಟ್ಟಿಗಿಂತ ಮುಂಚೆಯೇ ಶುರುವಾಗುವುದಾದರೆ, ನಮ್ಮಲ್ಲಿ ಅತೀತ ಎಡುಪು ಅನ್ನುತ್ತೇವಲ್ಲ, ಆ ಅರ್ಧಂಬರ್ಧ ಬಾರ್ ಇಲ್ಲೇ ಹೇಳಬೇಕು. ಆಮೇಲೆ ಸೇರಿಸುವುದು ತಲೆನೋವು.

ಟೆನರ್‌ನ ಕ್ಲೆಫ್, ಅಂದರೆ ಸ್ಟಾಫಿನ ಶುರುವಿನ ಚಿಹ್ನೆ, ಅದರ ಕೆಳಗೆ ಸಣ್ಣದಾಗಿ 8 ಎಂದು ಇರುತ್ತದೆ. ಬರೆದದ್ದಕ್ಕಿಂತ ಒಂದು ಸ್ಥಾಯಿ ಕೆಳಗೆ ಹಾಡಬೇಕು ಎಂದರ್ಥ. ಅದನ್ನು ತೆಗೆದು ಸಾದಾ ಟ್ರೆಬಲ್ ಕ್ಲೆಫ್ ಹಾಕಬೇಡಿ; ಹಾಕಿದರೆ ಪ್ಲೇಬ್ಯಾಕ್‌ನಲ್ಲಿ ಟೆನರ್ ಹೆಂಗಸರ ಎತ್ತರದಲ್ಲಿ ಹಾಡುತ್ತಾನೆ.

ಸ್ವರ ತುಂಬುವುದು

ಎನ್ ಒತ್ತಿದರೆ ಸ್ವರ ಬರೆಯುವ ಸ್ಥಿತಿ. ಅಂಕಿಗಳು ಉದ್ದವನ್ನು ಹೇಳುತ್ತವೆ: 4 ಅಂದರೆ ಎಂಟನೇ ಒಂದು, 5 ಕಾಲು, 6 ಅರ್ಧ, 7 ಪೂರ್ತಿ. ಚುಕ್ಕಿ ಒತ್ತಿದರೆ ಒಂದೂವರೆಯಷ್ಟು. 0 ಮೌನ. ಆಮೇಲೆ ಎ ಇಂದ ಜಿ ತನಕದ ಅಕ್ಷರ ಒತ್ತುತ್ತಾ ಹೋಗುವುದು. ಸಾಫ್ಟ್‌ವೇರ್ ಹಿಂದಿನ ಸ್ವರಕ್ಕೆ ಹತ್ತಿರದ ಸ್ಥಾಯಿಯನ್ನು ತಾನೇ ಹಿಡಿಯುತ್ತದೆ. ತಪ್ಪಿದರೆ ಕಂಟ್ರೋಲ್ ಹಿಡಿದು ಮೇಲು ಅಥವಾ ಕೆಳ ಬಾಣ. ಸ್ವರವನ್ನು ಮುಂದಿನ ಬಾರ್‌ಗೂ ಎಳೆಯಲು ಟಿ. ಒಂದು ಅಕ್ಷರವನ್ನು ಎರಡು ಮೂರು ಸ್ವರದ ಮೇಲೆ ಹಾಡುವಾಗ ಅವನ್ನು ಆಯ್ದು ಎಸ್ ಒತ್ತಿದರೆ ಮೇಲೆ ಬಿಲ್ಲಿನ ಗೆರೆ ಬರುತ್ತದೆ.

ಏನು ಒತ್ತಿದರೂ ಸ್ವರ ಬರುತ್ತಿಲ್ಲವೇ? ಕೀಬೋರ್ಡ್ ಕನ್ನಡದಲ್ಲಿದೆಯೇ ನೋಡಿ. ನಾನು ಒಮ್ಮೆ ಸಾಫ್ಟ್‌ವೇರ್ ಕೆಟ್ಟಿದೆ ಎಂದು ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕಿದ್ದೇನೆ. ನಗಬೇಡಿ.

ಈಗ ಅತಿ ಹೆಚ್ಚು ಸಮಯ ಉಳಿಸುವ ಕೆಲಸ. ನಾಲ್ವರೂ ಒಂದೇ ಲಯದಲ್ಲಿ ಹಾಡುವ ಭಾಗದಲ್ಲಿ ಸೊಪ್ರಾನೊ ಒಂದನ್ನೇ ಬರೆಯಿರಿ, ಅದಕ್ಕೆ ಸಾಹಿತ್ಯವನ್ನೂ ಕೂರಿಸಿ. ಆಮೇಲೆ ಆ ಬಾರ್‌ಗಳನ್ನು ಕಾಪಿ ಮಾಡಿ ಆಲ್ಟೊ, ಟೆನರ್, ಬೇಸ್ ಮೂರಕ್ಕೂ ಪೇಸ್ಟ್ ಮಾಡಿ. ಸಾಹಿತ್ಯವೂ ಜೊತೆಗೇ ಹೋಗುತ್ತದೆ. ಪರದೆಯ ಮೇಲಿನ ಪೆನ್ಸಿಲ್ ಗುರುತಿನ ಪಕ್ಕದ ಸಣ್ಣ ಬಾಣ ಒತ್ತಿದರೆ ರೀ-ಪಿಚ್ ಎಂಬ ಸ್ಥಿತಿ ಸಿಗುತ್ತದೆ. ಅದರಲ್ಲಿ ಅಕ್ಷರ ಒತ್ತಿದಂತೆ ಸ್ವರದ ಎತ್ತರ ಮಾತ್ರ ಬದಲಾಗುತ್ತದೆ. ಉದ್ದ, ಸಾಹಿತ್ಯ ಅಲ್ಲಾಡುವುದಿಲ್ಲ. ಒಂದೇ ಸಾಹಿತ್ಯವನ್ನು ನಾಲ್ಕು ಸಲ ಟೈಪ್ ಮಾಡುವ ಶಿಕ್ಷೆ ತಪ್ಪಿತು.

ಯಾವುದಾದರೂ ಸ್ವರ ಹಳದಿಗಪ್ಪು ಅಥವಾ ಕೆಂಪಾಗಿ ಕಂಡರೆ ಅದು ಆ ದನಿಯ ವ್ಯಾಪ್ತಿ ಮೀರಿದೆ ಎಂಬ ಸೂಚನೆ. ಹಳದಿ ಹವ್ಯಾಸಿಗಳಿಗೆ ಕಷ್ಟ, ಕೆಂಪು ಪಳಗಿದವರಿಗೂ ಕಷ್ಟ. ಕೇಳಿ ಬರೆಯುವಾಗ ಕೆಂಪು ಬಂದರೆ ಬಹುತೇಕ ನೀವು ಒಂದು ಸ್ಥಾಯಿ ತಪ್ಪಿದ್ದೀರಿ.

ಗಮಕವನ್ನು ಏನು ಮಾಡುವುದು? ಎಲ್ಲವನ್ನೂ ಸಣ್ಣ ಸಣ್ಣ ಸ್ವರಗಳಾಗಿ ಬಿಡಿಸಿ ಬರೆದರೆ ಹಾಳೆ ಇರುವೆ ಸಾಲಿನ ಹಾಗೆ ಕಾಣುತ್ತದೆ. ಗುಂಪಿನಲ್ಲಿ ನಾಲ್ಕು ಜನ ಅದನ್ನು ಓದಿ ಒಟ್ಟಿಗೆ ಹಾಡುವುದಂತೂ ಆಗದ ಮಾತು. ನಾನು ನಿಲ್ಲುವ ಸ್ವರ ಬರೆಯುತ್ತೇನೆ. ಜಾರು ಇದ್ದರೆ ಪ್ಯಾಲೆಟ್‌ನಿಂದ (ಚಿಹ್ನೆಗಳ ಪಟ್ಟಿಯಿಂದ) ಗ್ಲಿಸಾಂಡೊ ಗೆರೆ. ಒಂದು ಸಣ್ಣ ತಾಗು ಇದ್ದರೆ ಗ್ರೇಸ್ ನೋಟ್. ಉಳಿದದ್ದನ್ನು ಹಾಡಿ ತೋರಿಸುವುದೇ ವಾಸಿ.

ಬಾಯಲ್ಲಿ ತಾಳವಾದ್ಯ ನುಡಿಸುವವರಿದ್ದರೆ ಕೆಳಗೆ ಒಂದು ಗೆರೆಯ ಸ್ಟಾಫ್ ಸೇರಿಸಿ, ಸ್ವರದ ತಲೆಯನ್ನು ಗುಣಿಸು ಚಿಹ್ನೆಗೆ ಬದಲಿಸಿ. ಅದರ ಕೆಳಗೆ ‘ಬೂಂ ಟ್ಸ್’ ಬರೆಯುವುದಕ್ಕಿಂತ ಕೊನ್ನಕ್ಕೋಲಿನ ‘ತ ಕ ಧಿ ಮಿ’ ಬರೆದರೆ ನಮ್ಮವರಿಗೆ ತಕ್ಷಣ ಬಾಯಿಗೆ ಬರುತ್ತದೆ.

ಸಾಹಿತ್ಯ ಕೂರಿಸುವುದು

ಮೊದಲ ಸ್ವರ ಆಯ್ದು ಕಂಟ್ರೋಲ್ ಎಲ್ ಒತ್ತಿ. ಮ್ಯಾಕ್‌ನಲ್ಲಿ ಕಮಾಂಡ್ ಎಲ್. ಅಕ್ಷರ ಟೈಪ್ ಮಾಡಿ. ಪದ ಮುಗಿದಿದ್ದರೆ ಸ್ಪೇಸ್, ಪದ ಇನ್ನೂ ಇದ್ದರೆ ಹೈಫನ್. ಎರಡೂ ಮುಂದಿನ ಸ್ವರಕ್ಕೆ ಕರೆದೊಯ್ಯುತ್ತವೆ. ಪದದ ಕೊನೆಯ ಅಕ್ಷರ ಹಲವು ಸ್ವರಗಳ ಮೇಲೆ ಎಳೆದರೆ ಅಂಡರ್‌ಸ್ಕೋರ್, ಆಗ ಅಕ್ಷರದ ಮುಂದೆ ಉದ್ದ ಗೆರೆ ಬೆಳೆಯುತ್ತದೆ. ಎಂಟರ್ ಒತ್ತಿದರೆ ಎರಡನೇ ಚರಣದ ಸಾಲು.

ಇಷ್ಟು ಯಾವ ಭಾಷೆಗಾದರೂ ಸರಿ. ಕನ್ನಡದ ಕತೆ ಬೇರೆ. ಮೊದಲನೆಯದು ಕೀಬೋರ್ಡ್. ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಶಿಫ್ಟ್ ಹಿಡಿದು ಹೈಫನ್ ಒತ್ತಿದರೆ ಅಂಡರ್‌ಸ್ಕೋರ್ ಬರುವುದಿಲ್ಲ, ವಿಸರ್ಗ ಬರುತ್ತದೆ. ‘ಕಂದ’ ಎಂದು ಎಳೆಯಲು ಹೋಗಿ ‘ಕಂದಃ’ ಆಗುತ್ತದೆ. ಪ್ರತಿ ಎಳೆತಕ್ಕೂ ಇಂಗ್ಲಿಷ್‌ಗೆ ಹೋಗಿ ಬರಬೇಕು. ಫೊನೆಟಿಕ್ ಟೈಪಿಂಗ್ ಬಳಸುವವರಿಗೆ ಇನ್ನೊಂದು ಕಾಟ: ಪದ ಖಚಿತ ಮಾಡಲು ಒಂದು ಸ್ಪೇಸ್, ಮುಂದೆ ಹೋಗಲು ಇನ್ನೊಂದು.

ಹಾಗಾಗಿ ನಾನು ಅಲ್ಲಿ ಟೈಪ್ ಮಾಡುವುದನ್ನೇ ಬಿಟ್ಟೆ. ನೋಟ್‌ಪ್ಯಾಡಿನಲ್ಲಿ ಇಡೀ ಸಾಲನ್ನು ಹೀಗೆ ಬರೆದುಕೊಳ್ಳುತ್ತೇನೆ:

ಅಂ-ಗ-ಳ ತುಂ-ಬಾ ಬೆ-ಳ್ದಿಂ-ಗ-ಳು, ಕಣ್-ಮು-ಚ್ಚು ಕಂ-ದ

ಇದನ್ನು ಕಾಪಿ ಮಾಡಿ, ಮ್ಯೂಸ್‌ಸ್ಕೋರ್‌ನಲ್ಲಿ ಮೊದಲ ಸ್ವರದ ಮೇಲೆ ಕಂಟ್ರೋಲ್ ಎಲ್, ಆಮೇಲೆ ಕಂಟ್ರೋಲ್ ವಿ ಒತ್ತುತ್ತಾ ಹೋಗಿ. ಒಂದೊಂದು ಒತ್ತಿಗೆ ಒಂದೊಂದು ಅಕ್ಷರ ಕೂತು ಮುಂದಿನ ಸ್ವರಕ್ಕೆ ಜಿಗಿಯುತ್ತದೆ, ಹೈಫನ್ ಕೂಡ ತಾನೇ ಬೀಳುತ್ತದೆ. ಎಳೆತ ಇರುವ ಕಡೆ ಮಾತ್ರ ನಿಂತು ಅಂಡರ್‌ಸ್ಕೋರ್ ಹಾಕಿ. ಕೀಬೋರ್ಡ್ ಇಂಗ್ಲಿಷ್‌ನಲ್ಲೇ ಇರುವುದರಿಂದ ವಿಸರ್ಗದ ಕಾಟ ಇಲ್ಲ.

ಈಗ ಆ ಸಾಲನ್ನೇ ಇನ್ನೊಮ್ಮೆ ನೋಡಿ. ‘ಮುಚ್ಚು’ವನ್ನು ‘ಮು-ಚ್ಚು’ ಎಂದು ಒಡೆದೆ, ‘ಕಣ್ಮುಚ್ಚು’ವಿನ ಮೊದಲ ಭಾಗವನ್ನು ‘ಕಣ್-’ ಎಂದು ಒಡೆದೆ. ಯಾಕೆ ಎರಡು ನೀತಿ?

ಛಂದಸ್ಸು ಓದಿದವರಿಗೆ ಗೊತ್ತು, ಒತ್ತಕ್ಷರದ ಹಿಂದಿನ ಅಕ್ಷರ ಗುರು. ‘ಮುಚ್ಚು’ ಹಾಡುವಾಗ ಬಾಯಿ ‘ಮುಚ್’ ಎಂದು ನಿಂತು ಆಮೇಲೆ ‘ಚು’ ಅನ್ನುತ್ತದೆ. ಕಿವಿಯ ಪ್ರಕಾರ ‘ಮುಚ್-ಚು’ ಸರಿ. ಆದರೆ ಕನ್ನಡ ಓದುವ ಕಣ್ಣಿಗೆ ‘ಮುಚ್-ಚು’ ಅಪರಿಚಿತ. ಹಾಡುಗಾರ ಅಲ್ಲಿ ಒಂದು ಗಳಿಗೆ ತಡವರಿಸುತ್ತಾನೆ. ಅದಕ್ಕೆ ನಾನು ಲಿಪಿ ಒಡೆಯುವ ಹಾಗೆ ‘ಮು-ಚ್ಚು’, ‘ಅ-ಮ್ಮ’, ‘ಹ-ಕ್ಕಿ’ ಎಂದೇ ಬರೆಯುತ್ತೇನೆ. ಹಾಡುವಾಗ ‘ಚ್’ ತಾನಾಗಿ ಮೊದಲ ಸ್ವರದ ಕೊನೆಗೆ ಬೀಳುತ್ತದೆ. ಮಾತೃಭಾಷೆಯವರಿಗೆ ಅದನ್ನು ಕಲಿಸಬೇಕಿಲ್ಲ. ಎರಡು ಪದ ಸೇರಿ ಆದ ಮಾತಿನಲ್ಲಿ ಮಾತ್ರ ಪದದ ಗಡಿಯಲ್ಲೇ ಒಡೆಯುತ್ತೇನೆ. ‘ಕ-ಣ್ಮು-ಚ್ಚು’ ಎಂದು ಬರೆದಿದ್ದಾಗ ನಮ್ಮ ಟೆನರ್ ‘ಣ್ಮು’ ನೋಡಿ ನಕ್ಕುಬಿಟ್ಟಿದ್ದ. ‘ಕಣ್-ಮು-ಚ್ಚು’ ಅಂದರೆ ಅರ್ಥವೂ ಕಾಣುತ್ತದೆ.

ಈ ನೀತಿಗೆ ಒಂದು ಅಪವಾದ ಇದೆ. ವ್ಯಂಜನದ ಮೇಲೇ ಸ್ವರ ನಿಂತರೆ, ಉದಾಹರಣೆಗೆ ‘ಅಮ್ಮ’ದ ಮ್ ಅನ್ನು ಬಾಯಿಮುಚ್ಚಿ ಎರಡು ಎಣಿಕೆ ಗುನುಗಿದರೆ, ಆಗ ‘ಅ’, ‘ಮ್’, ‘ಮ’ ಮೂರಕ್ಕೂ ಬೇರೆ ಬೇರೆ ಸ್ವರ ಕೊಟ್ಟು ಹಾಗೇ ಬರೆಯಬೇಕು.

ಅರ್ಕಾವತ್ತು ಇನ್ನೊಂದು ಥರ. ‘ಸೂ-ರ್ಯ’ದಲ್ಲಿ ಎರಡನೇ ಸ್ವರದ ಕೆಳಗೆ ಕಣ್ಣಿಗೆ ಮೊದಲು ಕಾಣುವುದು ಯ, ಬಾಯಿ ಹೇಳಬೇಕಾದದ್ದು ರ್. ರೂಢಿಯವರಿಗೆ ತೊಂದರೆ ಇಲ್ಲ. ಕನ್ನಡ ಹೊಸದಾಗಿ ಓದುವವರು ಗುಂಪಿನಲ್ಲಿದ್ದರೆ ‘ಸೂರ್-ಯ’ ಎಂದು ಬಿಡಿಸಿಬಿಡಿ.

ಬರೆಯುವ ಮಾತಿಗೂ ಹಾಡುವ ಮಾತಿಗೂ ಅಕ್ಷರದ ಲೆಕ್ಕ ಕೆಲವು ಸಲ ಕೂಡುವುದಿಲ್ಲ. ನಮ್ಮ ಮೊದಲ ಚರಣದಲ್ಲಿ ‘ಬೆ-ಳ್ದಿಂ-ಗ-ಳು’ ನಾಲ್ಕು ಸ್ವರ. ಎರಡನೇ ಚರಣದಲ್ಲಿ ಅದೇ ಮಾತು ಅವಸರದಲ್ಲಿ ‘ಬೆ-ಳ್ದಿಂ-ಗ್ಳು’ ಎಂದು ಮೂರಾಗಿದೆ. ವ್ಯಾಕರಣ ನೋಡಬೇಡಿ, ಹಾಡಿದ್ದನ್ನು ಬರೆಯಿರಿ. ಹಾಗೇ ಎಳೆದರು ಎಂದು ‘ಕಂದಾಆಆ’ ಅನ್ನುವುದೂ ಬೇಡ. ಎಷ್ಟು ಎಳೆಯಬೇಕು ಎಂದು ಸ್ವರವೇ ಹೇಳುತ್ತಿದೆ.

ಬೆಂಗಳೂರಿನ ಗುಂಪುಗಳಲ್ಲಿ ಕನ್ನಡ ಓದಲು ಬಾರದವರು ಒಬ್ಬಿಬ್ಬರಾದರೂ ಇರುತ್ತಾರೆ. ಅವರಿಗಾಗಿ ಕೆಳಗೆ ಎರಡನೇ ಸಾಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಅದೇ ಸಾಹಿತ್ಯ ಹಾಕುತ್ತೇನೆ, ಓರೆ ಅಕ್ಷರದಲ್ಲಿ. ದೀರ್ಘಕ್ಕೆ ಎರಡು ಅಕ್ಷರ, ಳ ಮತ್ತು ಣಕ್ಕೆ ದೊಡ್ಡಕ್ಷರ. ಇಲ್ಲದಿದ್ದರೆ ಬೆಳ್ದಿಂಗಳು ಎಲ್ಲರ ಬಾಯಲ್ಲೂ ‘ಬೆಲ್ದಿಂಗಲು’.

ಫಾಂಟ್

ಮ್ಯೂಸ್‌ಸ್ಕೋರ್‌ನ ಮೂಲ ಫಾಂಟ್‌ನಲ್ಲಿ ಕನ್ನಡ ಇಲ್ಲ. ನಿಮ್ಮ ಕಂಪ್ಯೂಟರ್ ತನ್ನ ಬಳಿ ಇರುವ ಯಾವುದೋ ಕನ್ನಡ ಫಾಂಟ್ ಎರವಲು ತಂದು ತೋರಿಸುತ್ತದೆ. ವಿಂಡೋಸ್‌ನಲ್ಲಿ ಒಂದು, ಮ್ಯಾಕ್‌ನಲ್ಲಿ ಇನ್ನೊಂದು. ಅಕ್ಷರದ ಅಗಲ ಬದಲಾದರೆ ಬಾರ್‌ಗಳೂ ಜರುಗುತ್ತವೆ. ನೀವು ಮೂರು ಪುಟದಲ್ಲಿ ಅಂದವಾಗಿ ಕೂರಿಸಿದ್ದು ಗೆಳೆಯನ ಕಂಪ್ಯೂಟರ್‌ನಲ್ಲಿ ನಾಲ್ಕನೇ ಪುಟಕ್ಕೆ ಚೆಲ್ಲುತ್ತದೆ.

ನೋಟೊ ಸೆರಿಫ್ ಕನ್ನಡ ಪುಕ್ಕಟೆ ಸಿಗುತ್ತದೆ, ಅದನ್ನು ಹಾಕಿಕೊಳ್ಳಿ. ಫಾರ್ಮ್ಯಾಟ್ ಮೆನುವಿನ ಸ್ಟೈಲ್‌ಗೆ ಹೋಗಿ ಟೆಕ್ಸ್ಟ್ ಸ್ಟೈಲ್ಸ್ ತೆರೆದರೆ ಲಿರಿಕ್ಸ್‌ನ ಬೆಸ ಸಾಲು, ಸಮ ಸಾಲು ಎಂದು ಎರಡಿವೆ. ಎರಡರಲ್ಲೂ ಫಾಂಟ್ ಬದಲಿಸಿ. ಅಕ್ಷರದ ಗಾತ್ರ 10 ಇರುತ್ತದೆ. ಕನ್ನಡಕ್ಕೆ ಅದು ಚಿಕ್ಕದು, 12 ಮಾಡಿ. ಅಲ್ಲೇ ಲಿರಿಕ್ಸ್ ಪುಟದಲ್ಲಿ ಸಾಲುಗಳ ನಡುವಿನ ಅಂತರವನ್ನೂ ಸ್ವಲ್ಪ ಹೆಚ್ಚಿಸಿ, ಇಲ್ಲದಿದ್ದರೆ ಮೊದಲ ಚರಣದ ಒತ್ತಕ್ಷರ ಎರಡನೇ ಚರಣದ ಗುಡಿಸಿಗೆ ತಾಗುತ್ತದೆ.

ಹಳೆಯ ‘ನುಡಿ’ ಅಥವಾ ‘ಬರಹ’ ಸಾಫ್ಟ್‌ವೇರ್‌ನಲ್ಲಿ ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿ ಟೈಪ್ ಮಾಡಿದ ಸಾಹಿತ್ಯ ಇದ್ದರೆ ಪೇಸ್ಟ್ ಮಾಡಿದಾಗ ಬರಿ ಗೋಜಲು ಬರುತ್ತದೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ.

ಉಸಿರು ಮತ್ತು ಪುಟ

ಉಸಿರಿನ ಜಾಗದಲ್ಲಿ ಪ್ಯಾಲೆಟ್‌ನಿಂದ ಅಲ್ಪವಿರಾಮದ ಚಿಹ್ನೆ ಹಾಕಿ. ಅದಕ್ಕಿಂತ ಮುಖ್ಯ, ಸಾಲಿನ ಕೊನೆಯ ಸ್ವರ ಎಲ್ಲಿ ಮುಗಿಯುತ್ತದೆ ಎಂಬುದನ್ನು ಮೌನದ ಚಿಹ್ನೆಯಿಂದ ಖಚಿತ ಮಾಡಿ. ವಾದ್ಯ ಇಲ್ಲದ ಹಾಡಿನಲ್ಲಿ ಎಂಟು ಜನ ಎಂಟು ಕಡೆ ನಿಲ್ಲಿಸಿದರೆ ಮುಚ್ಚಿಕೊಳ್ಳಲು ಏನೂ ಇರುವುದಿಲ್ಲ. ನಮ್ಮ ಪುಣ್ಯ, ಕನ್ನಡದ ಮಾತುಗಳು ಬಹುತೇಕ ಅ, ಇ, ಉ ಥರದ ತೆರೆದ ಸದ್ದಿನಲ್ಲೇ ಮುಗಿಯುತ್ತವೆ.

ಮೆಲ್ಲಗೆ, ಜೋರು ಎನ್ನುವ ಚಿಹ್ನೆಗಳು ಹಾಡಿನ ಸ್ಕೋರ್‌ನಲ್ಲಿ ಸ್ಟಾಫಿನ ಮೇಲಿರಬೇಕು, ಕೆಳಗೆ ಸಾಹಿತ್ಯ ಇರುತ್ತದಲ್ಲ. ಕೆಳಗೆ ಬಿದ್ದಿದ್ದರೆ ಆಯ್ದು ಎಕ್ಸ್ ಒತ್ತಿ, ಮೇಲೆ ಹೋಗುತ್ತದೆ.

ಸಾಲು ಒಡೆಯಲು ಬಾರ್ ಗೆರೆ ಆಯ್ದು ಎಂಟರ್. ಪುಟ ಒಡೆಯಲು ಕಂಟ್ರೋಲ್ ಎಂಟರ್. ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಒಡೆಯಿರಿ. ಪದದ ನಡುವೆ ಪುಟ ತಿರುಗಿಸಬೇಕಾದ ಹಾಳೆ ಕೊಟ್ಟರೆ ಗುಂಪಿನವರು ನಿಮ್ಮನ್ನು ಬಯ್ಯುತ್ತಾರೆ. ನನ್ನನ್ನು ಬಯ್ದಿದ್ದಾರೆ.

ತಪ್ಪು ಹುಡುಕುವುದು, ಹಂಚುವುದು

ಪ್ಲೇಬ್ಯಾಕ್‌ನಲ್ಲಿ ಬರುವ ‘ಆ’ ಎನ್ನುವ ಗುಂಪುದನಿ ಕೇಳಲು ಹಿತ, ಆದರೆ ಅದು ತಪ್ಪು ಮುಚ್ಚುತ್ತದೆ. ಸದ್ದು ನಿಧಾನಕ್ಕೆ ಏರುವುದರಿಂದ ಲಯದ ತಪ್ಪು ಗೊತ್ತಾಗುವುದಿಲ್ಲ. ಎಫ್10 ಒತ್ತಿ ಮಿಕ್ಸರ್ ತೆರೆದು ನಾಲ್ಕೂ ದನಿಗಳಿಗೆ ಪಿಯಾನೊ ಹಾಕಿ. ಆಗ ಪ್ರತಿ ಸ್ವರ ಕುಟ್ಟಿದ ಹಾಗೆ ಕೇಳಿಸುತ್ತದೆ. ಎರಡೆರಡು ದನಿ ಸೇರಿಸಿ ಕೇಳಿ: ಸೊಪ್ರಾನೊ ಜೊತೆ ಬೇಸ್, ಆಲ್ಟೊ ಜೊತೆ ಟೆನರ್. ಹೀಗೆ ಕೇಳಿದಾಗಲೇ ನನಗೆ ಟೆನರ್‌ನಲ್ಲಿ ಇನ್ನೂ ಮೂರು ತಪ್ಪು ಸಿಕ್ಕಿದ್ದು.

ಹಂಚುವಾಗ ಪಿಡಿಎಫ್ ಕೊಡಿ. ಫಾಂಟ್ ಒಳಗೇ ಸೇರಿರುತ್ತದೆ, ಎಲ್ಲರಿಗೂ ಒಂದೇ ಥರ ಕಾಣುತ್ತದೆ. ಒಬ್ಬೊಬ್ಬರಿಗೆ ಅವರವರ ದನಿಯ ಹಾಳೆ ಮಾತ್ರ ಕೊಡಬೇಡಿ. ಪಿಟೀಲು ನುಡಿಸುವವರಿಗೆ ಅದು ಸಾಕು, ಹಾಡುವವರಿಗೆ ಪಕ್ಕದವರ ಸ್ವರ ಕಾಣಬೇಕು. ತಮ್ಮ ಮೊದಲ ಸ್ವರವನ್ನು ಅವರು ಹಿಡಿಯುವುದೇ ಅಲ್ಲಿಂದ.

ಅಭ್ಯಾಸಕ್ಕೆ ನಾಲ್ಕು ಎಂಪಿ3 ಮಾಡಿ. ಮಿಕ್ಸರ್‌ನಲ್ಲಿ ಆಲ್ಟೊವನ್ನು ಪೂರ್ತಿ ಏರಿಸಿ ಉಳಿದ ಮೂರನ್ನು ತಗ್ಗಿಸಿ ಎಕ್ಸ್‌ಪೋರ್ಟ್ ಮಾಡಿದರೆ ಅದು ಆಲ್ಟೊ ಫೈಲ್. ಉಳಿದವರನ್ನು ಪೂರ್ತಿ ಮ್ಯೂಟ್ ಮಾಡಬೇಡಿ. ಫೈಲಿನ ಹೆಸರಿನಲ್ಲಿ ದನಿಯ ಹೆಸರು, ತಾರೀಕು ಎರಡೂ ಇರಲಿ. ನಮ್ಮ ವಾಟ್ಸಾಪ್ ಗುಂಪಿನಲ್ಲಿ ‘ಜೋಗುಳ ಫೈನಲ್’ ಎಂಬ ಹೆಸರಿನ ಐದು ಫೈಲುಗಳಿದ್ದವು, ಅಭ್ಯಾಸದ ದಿನ ಇಬ್ಬರು ನಿಷಾದ ಇದ್ದ ಹಳೆಯದನ್ನೇ ಬಾಯಿಪಾಠ ಮಾಡಿಕೊಂಡು ಬಂದಿದ್ದರು.